ಹೆಗ್ಗಣ ಕಚ್ಚಿ ನೋಡಿದ ಬೇರು

ಮಕ್ಕಳೇ, ಈ ಕತೆ ನೆನಪಾದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ನಿಮಗೂ ಬರಲಿ ಎಂದೇ ಹೇಳುತ್ತಿದ್ದೇನೆ.

ಕಾಡಿನ ಅಂಚಿನಲ್ಲಿ ಒಂದು ಹೊಂಡವಿತ್ತು. ಅದರ ಕೆಸರಿನಲ್ಲಿ ಉದ್ದುದ್ದ ಎಲೆಗಳ ಜೊಂಡು ಬೆಳೆದಿತ್ತು. ದಡದ ಮೇಲೆ ಕೆಂಪು ಕಾಂಡದ ಔಡಲ ಗಿಡವೊಂದಿತ್ತು. ಅಲ್ಲಿನ ಹಕ್ಕಿಗಳದು ಒಂದು ಪದ್ಧತಿ. ಮಳೆಗಾಲಕ್ಕೆ ಮೊದಲು ಯಾವ ಗಿಡದಲ್ಲಿ ಗೂಡು ಕಟ್ಟಬೇಕೆಂದು ಹೆಗ್ಗಣವನ್ನು ಕೇಳುತ್ತಿದ್ದವು. ಹೆಗ್ಗಣ ಮಣ್ಣು ತೋಡಿ, ಬೇರು ಕಚ್ಚಿ ನೋಡಿ ತೀರ್ಪು ಕೊಡುತ್ತಿತ್ತು. ಬೇರಿನ ವಿಷಯದಲ್ಲಿ ಅದರ ಮಾತೇ ಕೊನೆ.

ಆ ವರ್ಷ ನೀರುಕೋಳಿ ಬಂದು ಕೇಳಿತು, "ಮಾವ, ಜೊಂಡಿನ ನಡುವೆ ಗೂಡಿಗೆ ಹುಲ್ಲು ಹಾಸಿದ್ದೀನಿ. ಮೊಟ್ಟೆ ಇಡೋ ಸಮಯ ಬಂತು. ಬೇರು ಹೇಗಿದೆ ಅಂತ ನೋಡ್ತೀರಾ?"

ಹೆಗ್ಗಣ ಕೆಸರಿಗೆ ಮೂತಿ ಹಾಕಿ ಜೊಂಡಿನ ಬೇರೊಂದನ್ನು ಕಚ್ಚಿತು. ಕೂಡಲೇ ಉಗುಳಿತು.

"ಥೂ! ಒಳಗೆಲ್ಲ ತೂತು! ಪೂರ್ತಿ ಕೊಳೆತು ಹೋಗಿದೆ!"

"ಕೊಳೆತಿಲ್ಲ ಮಾವ," ಎಂದಿತು ಜೊಂಡು. "ಆ ತೂತು ನಾನೇ ಬೇಕು ಅಂತ..."

"ನೀನು ಸುಮ್ಮನಿರು! ಕಚ್ಚಿ ನೋಡಿದ್ದು ನಾನೋ, ನೀನೋ?"

ಆಮೇಲೆ ಹೆಗ್ಗಣ ದಡ ಹತ್ತಿ ಔಡಲದ ಬೇರು ಕಚ್ಚಿತು. "ಆಹಾ! ಎಲ್ಲೂ ಒಂದು ತೂತಿಲ್ಲ. ಬೇರು ಅಂದರೆ ಇದು. ಕೋಳಿಯಕ್ಕ, ಕಣ್ಣು ಮುಚ್ಚಿಕೊಂಡು ಇಲ್ಲಿ ಗೂಡು ಕಟ್ಟು."

"ಅಯ್ಯೋ, ಇಷ್ಟು ದಿನ ಈ ಪೊಳ್ಳು ಜೊಂಡಿನ ಪಕ್ಕದಲ್ಲೇ ಮಲಗ್ತಿದ್ದೆನಲ್ಲ!" ಎಂದು ಕಪ್ಪೆ ವಟಗುಟ್ಟಿತು. ಹೊಂಡದವರೆಲ್ಲ ನಕ್ಕರು. ನೀರುಕೋಳಿಯೂ ನಕ್ಕಿತು.

ಅನ್ಯಾಯ ನೋಡಿ! ಹೆಗ್ಗಣದ ಮನೆಯೇ ಒಂದು ತೂತು. ಅದಕ್ಕೆ ಗಾಳಿ ಬರಲೆಂದು ಇನ್ನೊಂದು ಬಾಯಿ ಬೇರೆ ಕೊರೆದುಕೊಂಡಿತ್ತು. ತನ್ನ ಬಿಲಕ್ಕೆ ಗಾಳಿ ಬೇಕು, ಬೇರೆಯವರ ಬೇರಿನಲ್ಲಿ ಗಾಳಿಗೆ ಜಾಗವಿದ್ದರೆ ಅದು ಕೊಳೆತದ್ದು! ಪಾಪ, ಜೊಂಡಿಗೆ ಒಂದು ಮಾತು ಮುಗಿಸಲೂ ಯಾರೂ ಬಿಡಲಿಲ್ಲ.

ನೀರುಕೋಳಿ ಔಡಲದ ಕವಲಿನಲ್ಲಿ ಗೂಡು ಕಟ್ಟಿ ಮೊಟ್ಟೆಯಿಟ್ಟಿತು. ಮಳೆ ಶುರುವಾಯಿತು. ಹೊಂಡ ತುಂಬಿ ದಡ ಮುಳುಗಿತು. ಔಡಲದ ಬುಡದಲ್ಲಿ ನೀರು ನಿಂತೇಬಿಟ್ಟಿತು. ಕೆಲವು ದಿನಗಳಲ್ಲಿ ಅದರ ಎಲೆಗಳು ಜೋತು ಬಿದ್ದವು.

"ಉಸಿರು ಕಟ್ಟುತ್ತಿದೆ," ಎಂದು ಔಡಲ ನರಳಿತು. "ಬೇರಿಗೆ ಒಂಚೂರೂ ಗಾಳಿ ಸಿಗ್ತಿಲ್ಲ. ಕೊಳೀತಾ ಇದೆ."

ಬಿಲಕ್ಕೆ ನೀರು ನುಗ್ಗಿದ್ದರಿಂದ ಹೆಗ್ಗಣವೂ ಅದೇ ಗಿಡ ಹತ್ತಿ ಕುಳಿತಿತ್ತು. ನೀರುಕೋಳಿ ಕೂಗಿತು, "ಮಾವ, ಗಿಡ ವಾಲ್ತಾ ಇದೆ! ನನ್ನ ಮೊಟ್ಟೆಗಳು!"

"ನಾನು ಕಚ್ಚಿ ನೋಡಿದ ಬೇರು. ಬೀಳೋ ಮಾತೇ ಇಲ್ಲ," ಎಂದಿತು ಹೆಗ್ಗಣ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು!

ಅಷ್ಟರಲ್ಲಿ ಔಡಲ ಬುಡಸಮೇತ ಉರುಳಿತು. ಗೂಡು ನೀರಿಗೆ ಬಿತ್ತು. ಒಂದು ಮೊಟ್ಟೆ ಜಾರಿ ಮುಳುಗಿಹೋಯಿತು. ಉಳಿದ ಮೊಟ್ಟೆಗಳ ಜೊತೆ ಗೂಡು ತೇಲಿ ಹೊರಟಿತು. ನೀರುಕೋಳಿ ಕಿರುಚುತ್ತಾ ಹಿಂದೆ ಈಜಿತು.

"ಇತ್ತ ತಳ್ಳಿ! ಬೇಗ!" ಎಂದು ಜೊಂಡು ಕೂಗಿತು.

ಕಪ್ಪೆ ಹಾರಿ ಬಂದು ಗೂಡಿಗೆ ತಲೆ ಕೊಟ್ಟಿತು. ಇಬ್ಬರೂ ಸೇರಿ ತಳ್ಳಿದರು. ಜೊಂಡಿನ ಎಲೆಗಳ ನಡುವೆ ಗೂಡು ಸಿಕ್ಕಿಕೊಂಡು ನಿಂತಿತು. ಹೆಗ್ಗಣವೂ ಈಜಿ ಬಂದು, ಯಾರನ್ನೂ ಕೇಳದೆ ಗೂಡಿನ ಅಂಚನ್ನೇ ಹತ್ತಿ ಕುಳಿತಿತು.

ನೀರುಕೋಳಿ ಗೂಡಿನಲ್ಲಿ ಕುಳಿತು ಏದುಸಿರು ಬಿಡುತ್ತಾ ಕೇಳಿತು, "ಜೊಂಡೇ, ನೀನು ಔಡಲಕ್ಕಿಂತ ಆಳದ ನೀರಿನಲ್ಲಿದ್ದೀಯ. ಹೇಗೆ ನಿಂತಿದ್ದೀಯ?"

"ಅವತ್ತೇ ಹೇಳೋಕೆ ಬಂದೆ. ಒಬ್ಬರಾದರೂ ಕೇಳಿದಿರಾ?" ಜೊಂಡಿನ ಎಲೆಗಳು ಸಿಟ್ಟಿನಿಂದ ನಡುಗಿದವು. "ಕೆಸರಿನಲ್ಲಿ ಗಾಳಿ ಇರೋದಿಲ್ಲ. ಅದಕ್ಕೇ ಬೇರಿನ ಒಳಗಿನ ಒಂದಿಷ್ಟು ಭಾಗವನ್ನು ನಾನೇ ಕರಗಿಸಿ ಜಾಗ ಮಾಡಿಕೊಳ್ತೀನಿ. ನನ್ನ ಮೈಯನ್ನೇ ಕಳೆದುಕೊಂಡು ಮಾಡಿದ ದಾರಿ ಅದು! ಎಲೆಯಿಂದ ಇಳಿದ ಗಾಳಿ ಆ ದಾರಿಯಲ್ಲೇ ಬೇರಿನ ತುದಿಗೆ ಹೋಗುತ್ತೆ. ನನ್ನ ಉಸಿರಿನ ದಾರಿಗೆ ನೀವು ಕೊಳೆತದ್ದು ಅಂತ ಹೆಸರಿಟ್ಟಿರಿ. ನಕ್ಕಿರಿ ಬೇರೆ!"

ಕಪ್ಪೆ ತಲೆ ತಗ್ಗಿಸಿತು. "ತಪ್ಪಾಯ್ತು," ಎಂದಿತು ನೀರುಕೋಳಿ.

ಹೆಗ್ಗಣ ಮಾತ್ರ ಮೀಸೆಯ ನೀರು ಕೊಡವಿಕೊಂಡು ಹೇಳಿತು, "ಏನೇ ಹೇಳಿ, ತೂತು ತೂತೇ. ಅದಕ್ಕೆ ಯಾಕಿಷ್ಟು ಗಲಾಟೆ? ಹೋಗಿದ್ದು ಒಂದು ಮೊಟ್ಟೆ ತಾನೇ?"

ನೀರುಕೋಳಿ ಗೂಡಿನಿಂದ ಎದ್ದು ನಿಂತಿತು.

"ಒಂದು ಮೊಟ್ಟೆ ತಾನೇ? ಅದರೊಳಗೆ ನನ್ನ ಮರಿ ಇತ್ತು! ಗಿಡ ವಾಲ್ತಿದೆ ಅಂತ ಕೂಗಿದಾಗಲೂ ನಿನಗೆ ನಿನ್ನ ತೀರ್ಪೇ ದೊಡ್ಡದಾಯ್ತು. ಇನ್ನು ನಿನ್ನನ್ನ ಮಾವ ಅನ್ನೋದಿಲ್ಲ. ಇಳಿ ಕೆಳಗೆ!"

ಎನ್ನುತ್ತಲೇ ಅದರ ಮೂಗಿನ ಮೇಲೆ ಒಂದು ಕುಕ್ಕು ಕುಕ್ಕಿತು. ಹೆಗ್ಗಣ ದೊಪ್ಪನೆ ನೀರಿಗೆ ಬಿದ್ದು, ಆಚೆ ದಿಬ್ಬದ ಕಡೆಗೆ ಈಜಿತು. ಯಾರೂ ಅದನ್ನು ವಾಪಸ್ ಕರೆಯಲಿಲ್ಲ.

ಪಾಪ ಎನ್ನಬೇಡಿ ಮಕ್ಕಳೇ. ಹೆಗ್ಗಣಕ್ಕೆ ಈಜು ಬರುತ್ತದೆ. ಆ ಮೊಟ್ಟೆಗೆ ಬರುತ್ತಿರಲಿಲ್ಲ.

ನೀತಿ: ತನಗೆ ತಿಳಿಯದ್ದನ್ನೆಲ್ಲ ಕೆಟ್ಟದ್ದೆಂದು ತೀರ್ಪು ಕೊಡಬಾರದು, ದೂರು ಹೊತ್ತವರ ಮಾತನ್ನು ಮೊದಲು ಪೂರ್ತಿ ಕೇಳಬೇಕು.