ಅಣ್ಣನ ಗಾಡಿಗೆ ಕಟ್ಟಿದ ಬೆಲೆ

"ಗುರುವೇ, ಹಾಳಾದದ್ದನ್ನು ಹೊಸದು ಮಾಡಿದರೆ ಅದರ ಬೆಲೆ ಹೆಚ್ಚುತ್ತದೆಯೇ?" ಎಂದು ಶಿಷ್ಯ ಕೇಳಿದ.

"ಒಂದು ಕತೆ ಹೇಳುತ್ತೇನೆ. ನಂಬುವುದಿಲ್ಲ ಅನ್ನುವ ಎದೆಗಾರಿಕೆ ನಿನಗಿದ್ದರೆ ಕೊನೆಗೆ ಅನ್ನು, ನೋಡೋಣ" ಎಂದು ಗುರು ಶುರು ಮಾಡಿದ.

ಒಂದೂರಲ್ಲಿ ಅಣ್ಣ ತಮ್ಮ ಇದ್ದರು. ಅಣ್ಣನ ಹತ್ತಿರ ಟೂ-ಸ್ಟ್ರೋಕ್ ರೇಸ್ ಬೈಕು ಇತ್ತು. ಅದರ ಸೈಲೆನ್ಸರಿನಲ್ಲಿ ಸದ್ದು ತಗ್ಗಿಸುವ ಒಳಕೊಳವೆಯನ್ನು ಅವನು ಕಿತ್ತೆಸೆದಿದ್ದ. ಗಾಡಿ ಹಳ್ಳದ ತಿರುವಿಗೆ ಬಂದರೆ ಇಡೀ ಊರಿಗೆ ಕೇಳುತ್ತಿತ್ತು. ಊರವರು ಬೈಯುತ್ತಿದ್ದರು. ಅತ್ತಿಗೆ ಮಾತ್ರ ಆ ಸದ್ದಿಗೆ ಎದ್ದು ಒಲೆಯ ಮೇಲೆ ಹಂಚು ಇಡುತ್ತಿದ್ದಳು. ಅಣ್ಣ ಕೈಕಾಲು ತೊಳೆಯುವಷ್ಟರಲ್ಲಿ ರೊಟ್ಟಿ ಉಬ್ಬಿರುತ್ತಿತ್ತು.

ಅಣ್ಣ ಜ್ವರ ಬಂದು ಸತ್ತ. ಗಾಡಿ ಬಣವೆಯ ಹಿಂದೆ ತುಕ್ಕು ಹಿಡಿಯಿತು. ಅತ್ತಿಗೆ ಸಂಜೆ ಹಂಚು ಇಡುವುದನ್ನೇ ಬಿಟ್ಟಳು. ತಂಗಳು ಬಡಿಸುತ್ತಿದ್ದಳು, ಮಾತೂ ತಂಗಳೇ.

ತಮ್ಮ ಊರ ಕಟ್ಟೆಯ ಮೇಲೆ ಎದೆ ತಟ್ಟಿಕೊಂಡ. "ಅಣ್ಣನ ಗಾಡಿ ಎಬ್ಬಿಸತೀನಿ. ತಿರುವಿನಾಗ ಅದು ಬಂದ ಸಂಜಿ ನಮ್ಮ ಅತ್ತಿಗಿ ಹಂಚು ಇಡಲಿಲ್ಲಂದ್ರ ನನ್ನ ಮೀಸಿ ಬೋಳಸ್ರಿ!"

ಪೇಟೆಯ ಗ್ಯಾರೇಜಿನವನು ಗಾಡಿ ನೋಡಿ, ಹಳೆಯ ಬೈಕುಗಳ ಪ್ರದರ್ಶನ ಸ್ಪರ್ಧೆಗೆ ಒಯ್ದರೆ ಇದೇ ಗೆಲ್ಲುತ್ತದೆ, ಆದರೆ ಕಂಪನಿಯಿಂದ ಬಂದಾಗ ಹೇಗಿತ್ತೋ ಹಾಗೇ ಇರಬೇಕು ಎಂದ. ತಮ್ಮನ ತಲೆ ತಿರುಗಿತು. ಅಣ್ಣ ಬಳಿದ ಕಪ್ಪನ್ನು ಕೆರೆಸಿ ಕೆಂಪು ಹೊಡೆಸಿದ. ಕಂಪನಿಯ ಹೊಸ ಸೈಲೆನ್ಸರ್ ಹಾಕಿಸಿದ.

"ಈ ಬೋಳು ಸೈಲೆನ್ಸರ್ ಏನ್ ಮಾಡ್ಲಿ, ಧಣಿ?" ಎಂದು ಗ್ಯಾರೇಜಿನವನು ಹಳೆಯದನ್ನು ಎತ್ತಿ ತೋರಿಸಿದ.

"ಗುಜರಿಗೆ ಒಗಿಯೋ! ಆ ಡಬ್ಬಿ ಯಾರಿಗೆ ಬೇಕು?"

ಸ್ಪರ್ಧೆಯ ದಿನ ಪರೀಕ್ಷಕರು ಗಾಡಿಯನ್ನು ಸುತ್ತಿ ಬಂದರು, ಮಂಡಿಯೂರಿ ನೋಡಿದರು, ಮೊದಲ ಸ್ಥಾನ ಕೊಟ್ಟರು. ಇದಕ್ಕೆ ಬೆಲೆ ಕಟ್ಟಲಾಗದು ಎಂದರು. ಜನ ತಮ್ಮನನ್ನು ಹೆಗಲ ಮೇಲೆ ಹೊತ್ತು ಕುಣಿದರು.

ಅಂದೇ ಸಂಜೆ ಅವನು ಊರಿಗೆ ಹೊರಟ. ತಿರುವಿನಲ್ಲಿ ಬೇಕೆಂದೇ ಜೋರಾಗಿ ರೇಸ್ ಕೊಟ್ಟ. ಗಾಡಿ ಹೊಸ ಸೊಸೆಯ ಹಾಗೆ ಒಳಗೊಳಗೇ ಗೊಣಗಿತು. ಆಗಲೂ ಅವನಿಗೆ ಹೊಳೆಯಲಿಲ್ಲ.

ಅಂಗಳದಲ್ಲಿ ನಿಂತು ಹೆಲ್ಮೆಟ್ ತೆಗೆಯುವ ಮೊದಲೇ ಅತ್ತಿಗೆ ಸೆರಗು ಹೊದ್ದು ಹೊರಗೆ ಬಂದಳು. ಕೈಯಲ್ಲಿ ಬೆಲ್ಲ, ನೀರು. ಆ ಸೀಮೆಯಲ್ಲಿ ಬಾಗಿಲಿಗೆ ಬಂದ ಪರವೂರಿನವರಿಗೆ ಅದನ್ನು ಕೊಡುತ್ತಾರೆ. ಮನೆಯವರಿಗೆ ಕೊಡುವುದಿಲ್ಲ.

"ಕುಂದರ್ರಿ. ಯಾವೂರಾತು ನಿಮಗ?"

"ಅತ್ತಿಗೀ, ನಾನು... ಅಣ್ಣನ ಗಾಡಿ."

ಅವಳು ಕೆಂಪು ಟ್ಯಾಂಕು ನೋಡಿದಳು. ಬಗ್ಗಿ ಸೈಲೆನ್ಸರ್ ನೋಡಿದಳು. "ಅವರದು ಹಿಂಗ ಮಾತಾಡತಿರಲಿಲ್ಲಪ್ಪಾ" ಎಂದು ತಂಬಿಗೆಯನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದಳು. ಒಲೆ ಆರಿತ್ತು. ಹಂಚು ಗೋಡೆಗೆ ಒರಗಿತ್ತು.

ಶಿಷ್ಯ ಕೇಳಿದ: "ಕೊನೆಗೆ ಆ ಗಾಡಿಗೆ ಎಷ್ಟು ಬೆಲೆ ಬಂತು, ಗುರುವೇ?"

"ಒಂದು ಚೂರು ಬೆಲ್ಲ, ಒಂದು ತಂಬಿಗೆ ನೀರು."