ಮತ್ತಿಮರದ ಮೂರು ಗೀಟುಗಳು

ಮಳೆ ನಿಂತ ಮೇಲೂ ಹಳ್ಳಕೊಳ್ಳಗಳಲ್ಲಿ ನೀರು ಉಳಿಯುವ ಒಂದು ಕಾಡಿನಲ್ಲಿ ಮುದಿ ಕೊಕ್ಕರೆಯೊಂದಿತ್ತು. ಎಲ್ಲರೂ ಅವಳನ್ನು ಕೊಕ್ಕರೆ ಅಜ್ಜಿ ಎನ್ನುತ್ತಿದ್ದರು. ಹಿಂದೊಮ್ಮೆ ಆ ಕಾಡಿಗೆ ಚಳಿಜ್ವರ ಬಂದು ಬಹಳ ಪ್ರಾಣಿಗಳು ಸತ್ತಿದ್ದವು. ಆಗ ಅಜ್ಜಿ ಒಂದೊಂದೇ ಹೊಂಡಕ್ಕಿಳಿದು, ಕೊಕ್ಕು ಅದ್ದಿ ನೋಡಿ, ಕಾರಣ ಕಂಡುಹಿಡಿದಿದ್ದಳು. ನಿಂತ ನೀರಿನಲ್ಲಿ ಸೊಳ್ಳೆಯ ಮರಿಹುಳುಗಳು ಬೆಳೆಯುತ್ತಿದ್ದವು. ಆ ಸೊಳ್ಳೆಗಳೇ ಜ್ವರವನ್ನು ಒಬ್ಬರಿಂದ ಒಬ್ಬರಿಗೆ ಹೊತ್ತೊಯ್ಯುತ್ತಿದ್ದವು. ಚಿಕ್ಕ ಮೀನುಗಳಿದ್ದ ನೀರಿನಲ್ಲಿ ಮಾತ್ರ ಹುಳು ಉಳಿಯುತ್ತಿರಲಿಲ್ಲ.

ಅಂದಿನಿಂದ ಎಂಟು ದಿನಕ್ಕೊಮ್ಮೆ ಅಜ್ಜಿ ಕಾಡಿನ ನೀರನ್ನೆಲ್ಲ ನೋಡಿ ಬರುತ್ತಿದ್ದಳು. ಹುಳು ಕಂಡಲ್ಲಿ ಮೀನು ತಂದು ಬಿಡುತ್ತಿದ್ದಳು. ಬಾಯಲ್ಲಿ ಮೀನು ಇಟ್ಟುಕೊಂಡೂ ನುಂಗದೆ ಹೋಗುವ ಕೊಕ್ಕರೆಯನ್ನು ಕಂಡು ಅಲ್ಲಿದ್ದ ಮುಂಗುಸಿಯೊಂದಕ್ಕೆ ನಗು.

"ಅಜ್ಜೀ, ದಾರಿಯಲ್ಲಿ ಬಿಕ್ಕಳಿಕೆ ಬಂದರೆ ಏನು ಗತಿ?"

ಬಾಯಿ ತುಂಬಿದ್ದರಿಂದ ಅಜ್ಜಿ ಕಣ್ಣಲ್ಲೇ ಗದರುತ್ತಿದ್ದಳು.

ನೋಡಿದ್ದನ್ನೆಲ್ಲ ಅವಳು ಮತ್ತಿಮರದ ತೊಗಟೆಯ ಮೇಲೆ ಕುಕ್ಕಿ ಬರೆಯುತ್ತಿದ್ದಳು. ಒಂದೊಂದು ಹೊಂಡಕ್ಕೆ ಒಂದೊಂದು ಸಾಲು. ಹುಳು ಇದ್ದರೆ ಸುತ್ತು, ಇಲ್ಲದಿದ್ದರೆ ಗೀಟು. ಎರಡು ವರ್ಷಗಳಲ್ಲಿ ಒಂದು ಜಾಗವೂ ಖಾಲಿ ಉಳಿದಿರಲಿಲ್ಲ. ಆ ಮರದ ಮುಂದೆ ನಿಂತಾಗ ಅಜ್ಜಿಯ ಕತ್ತು ಇನ್ನಷ್ಟು ಉದ್ದವಾಗುತ್ತಿತ್ತು.

ಆ ವರ್ಷ ನರಿಯೊಂದು ಮುಳ್ಳುಪೊದೆಗಳ ಹಿಂದೆ ಬಿಲ ತೋಡಿತು. ಪಕ್ಕದ ಬಂಡೆಯ ಗುಂಡಿಯಲ್ಲಿ ನೀರಿತ್ತು. ಕುಡಿಯಲು ಬಂದ ಕಾಡುಕೋಳಿಗಳನ್ನು ನರಿ ಕುಳಿತಲ್ಲೇ ಹಿಡಿಯುತ್ತಿತ್ತು. ಅಜ್ಜಿ ಅಲ್ಲಿಗೆ ಬಂದರೆ ಬಿದ್ದ ಗರಿಗಳನ್ನು ಕಂಡು ಕೋಳಿಗಳಿಗೆ ಹೇಳಿಬಿಡುತ್ತಾಳೆ ಎಂದು ಅದಕ್ಕೆ ಭಯ. ಎಂಟನೆಯ ದಿನ ಅದು ದಾರಿಯಲ್ಲೇ ಕಾದು ನಿಂತಿತು.

"ಅಮ್ಮಾ, ಬಂಡೆಯ ಗುಂಡಿಗೆ ಹೊರಟಿರಾ? ಅದು ಒಣಗಿಹೋಗಿದೆ. ನಾನು ಅಲ್ಲೇ ಇರುವವನಲ್ಲವೇ? ಸುಮ್ಮನೆ ಕಾಲಿಗೆ ಮುಳ್ಳು ಚುಚ್ಚಿಸಿಕೊಳ್ಳುತ್ತೀರಿ."

"ನೋಡದೆ ಬರೆಯುವ ಅಭ್ಯಾಸ ನನಗಿಲ್ಲಪ್ಪ."

"ಅದು ಗೊತ್ತಿಲ್ಲವೇ! ಅಂಥ ಅಚ್ಚುಕಟ್ಟಾದ ಲೆಕ್ಕ ಬೇರೆ ಯಾರು ಇಟ್ಟಾರು? ಇನ್ನೊಂದೇ ಗೀಟು ಹಾಕಿದರೆ ಇವತ್ತಿನದು ಪೂರ್ತಿ. ಹೊತ್ತು ಬೇರೆ ಇಳಿಯುತ್ತಿದೆ."

ಅಜ್ಜಿಯ ಕಾಲು ನೋಯುತ್ತಿತ್ತು. ಒಂದು ಜಾಗ ಖಾಲಿ ಬಿಡಲು ಮನಸ್ಸಾಗಲಿಲ್ಲ. ಅವಳು ಮರಕ್ಕೆ ಮರಳಿ ಗೀಟು ಹಾಕಿದಳು. ಮುಂದಿನ ಎಂಟನೆಯ ದಿನವೂ ಹಾಗೆಯೇ ಆಯಿತು. ಮೂರನೆಯ ಸಲ ನರಿ ಬಾಯಿ ತೆರೆಯುವ ಮೊದಲೇ ಅವಳು, "ಒಣಗಿದೆ ತಾನೆ?" ಎಂದು ಕೇಳಿದಳು.

ಮರುದಿನ ಬೆಳಗಾಯಿತು. ಜಿಂಕೆ ಓಡಿ ಬಂತು.

"ಅಜ್ಜೀ, ನನ್ನ ಮರಿ ಗಡಗಡ ನಡುಗುತ್ತಿದೆ. ಮೈ ಕೆಂಡದ ಹಾಗಿದೆ. ಆ ಜ್ವರವೇ ಅಲ್ಲವಷ್ಟೆ?"

ಅದು ಆ ಜ್ವರವೇ ಆಗಿತ್ತು. ಅಜ್ಜಿ ಮದ್ದಿನ ಕಹಿತೊಗಟೆ ತಂದುಕೊಟ್ಟು ಮರಿಗೆ ತಿನ್ನಿಸಲು ಹೇಳಿದಳು. "ಸೊಳ್ಳೆ ಎಲ್ಲಿಂದ ಬಂತು ಎಂದು ಹುಡುಕುತ್ತೇನೆ. ಅದನ್ನು ನಿಲ್ಲಿಸದಿದ್ದರೆ ಮರಿಗೆ ಮತ್ತೆ ಮತ್ತೆ ಕಚ್ಚುತ್ತದೆ," ಎಂದಳು.

ಮುಂಗುಸಿ ಹೇಳಿತು: "ನರಿಯ ಬಿಲದ ಹತ್ತಿರ ಸಂಜೆಯಾದರೆ ಗುಂಯ್ ಎನ್ನುತ್ತದೆ, ಅಜ್ಜೀ."

"ಮರ ನೋಡು," ಅಜ್ಜಿ ಸಿಡುಕಿದಳು. "ಆ ಸಾಲಿನಲ್ಲಿ ಮೂರು ಗೀಟುಗಳಿವೆ. ಅಲ್ಲಿ ನೀರೇ ಇಲ್ಲ."

"ಮರ ನೋಡಿದೆ. ನೀವು ಗುಂಡಿ ನೋಡಿದಿರಾ?"

ಅಜ್ಜಿ ಬೆನ್ನು ತಿರುಗಿಸಿ ಹೊರಟಳು. ದೂರದ ಕೆರೆಗಳಲ್ಲಿ ಹುಡುಕಿದಳು. ಹೊಳೆಯಾಚೆ ಹುಡುಕಿದಳು. ಹೀಗೆ ಆರು ದಿನ ಹೋಯಿತು. ಮರಿ ತಲೆ ಎತ್ತುವುದನ್ನೂ ಬಿಟ್ಟಿತು.

ಏಳನೆಯ ದಿನ ಮುಳ್ಳುಪೊದೆಯ ಹಿಂದಿನಿಂದ ನರಳಾಟ ಕೇಳಿಸಿತು. ಅಜ್ಜಿ ಮುಳ್ಳು ಸರಿಸಿಕೊಂಡು ಒಳಗೆ ಹೋದಳು. ನರಿ ಹಲ್ಲು ಕಟಕಟ ಕಡಿಯುತ್ತ ಮಲಗಿತ್ತು. ಗುಂಡಿಯ ತುಂಬ ನೀರಿತ್ತು. ಅಜ್ಜಿ ಕೊಕ್ಕು ಅದ್ದಿ ತೆಗೆದಳು. ಕೊಕ್ಕಿನ ತುಂಬ ಹುಳುಗಳು ಮಿಸುಕಾಡುತ್ತಿದ್ದವು.

"ಸೊಳ್ಳೆ ನನ್ನ ಮನೆಯಲ್ಲೇ ಹುಟ್ಟಿದ್ದು," ಎಂದು ನರಿ ನಡುಗುತ್ತ ಹೇಳಿತು. "ನನ್ನನ್ನು ಬಿಟ್ಟೀತು ಅಂದುಕೊಂಡಿದ್ದೆ."

ಅಜ್ಜಿ ಆ ಗುಂಡಿಗೆ ಮೀನು ತಂದು ಬಿಡುವಷ್ಟರಲ್ಲಿ ಜಿಂಕೆಯ ಮರಿ ಸತ್ತಿತ್ತು.

ನರಿ ಬದುಕಿತು. ಆದರೆ ಹಿಂಗಾಲುಗಳಲ್ಲಿ ಬಲ ಉಳಿಯಲಿಲ್ಲ. ಅಜ್ಜಿಯಿಂದ ಗರಿಗಳ ಸುದ್ದಿಯನ್ನೂ ನರಿ ಎದ್ದು ಬರಲಾರದೆಂಬುದನ್ನೂ ತಿಳಿದ ಕಾಡುಕೋಳಿಗಳು ಅದರ ಮೂಗಿನ ಮುಂದೆಯೇ ಬಂದು ನೀರು ಕುಡಿದು ಹೋಗುತ್ತಿದ್ದವು. ಅದು ಸುಮ್ಮನೆ ನೋಡುತ್ತಿತ್ತು.

ಅಜ್ಜಿ ಮತ್ತಿಮರದ ಮುಂದೆ ಬಹಳ ಹೊತ್ತು ನಿಂತಿದ್ದಳು. ಮುಂಗುಸಿಗೆ ಮರುಕವಾಯಿತು.

"ಆ ಮೂರು ಗೀಟುಗಳನ್ನು ಸುತ್ತು ಮಾಡಿಬಿಡಿ, ಅಜ್ಜೀ. ಯಾರಿಗೂ ತಿಳಿಯುವುದಿಲ್ಲ."

"ಬೇಡ," ಎಂದಳು ಅಜ್ಜಿ. "ಆ ದಿನಗಳಲ್ಲಿ ನಾನು ಅಲ್ಲಿಗೆ ಹೋಗಿರಲಿಲ್ಲ. ಹೋಗಿದ್ದೆ ಎಂಬಂತೆ ಇವತ್ತು ಬರೆಯಲಾರೆ. ಅವು ಹಾಗೆಯೇ ಇರಲಿ."

ಸಂಜೆಗೆ ಜಿಂಕೆ ಬಂತು. ಆ ಮೂರು ಗೀಟುಗಳನ್ನು ಮೂಸಿ ನೋಡಿತು. ಹಾಗೆಯೇ ಕಾಡಿನೊಳಗೆ ಹೊರಟುಹೋಯಿತು. ಅಜ್ಜಿ ಕತ್ತು ಬಗ್ಗಿಸಿಕೊಂಡೇ ಇದ್ದಳು.

ನೀತಿ: ಕಣ್ಣಾರೆ ನೋಡದೆ ಬರೆದ ಲೆಕ್ಕ ಎಷ್ಟೇ ಅಂದವಾಗಿದ್ದರೂ ಅದು ಸುಳ್ಳೇ; ಸುಳ್ಳು ಹೇಳಿದವನ ಜೊತೆಗೆ ಅದನ್ನು ನಂಬಿ ಬರೆದವರೂ ತಪ್ಪಿಗೆ ಹೊಣೆ.