ಸಡಿಲ ಬಿಟ್ಟ ಸ್ಕ್ರೂ

ದಿವಾಕರನ ಮೇಜಿನ ಡ್ರಾಯರಿನಲ್ಲಿ, ಸತ್ತ ಸೆಲ್ಲುಗಳ ಜೊತೆ, ಒಂದು ಸ್ಕ್ರೂಡ್ರೈವರ್ ಇತ್ತು. ನೆಂಟರ ಮನೆಯಲ್ಲಿ ಕಂಪ್ಯೂಟರ್ ಕೆಟ್ಟಾಗ ಮಾತ್ರ ಅದಕ್ಕೆ ಬೆಳಕು, ನಾಲ್ಕು ಜನರ ಮಾತು. ಹಾಗಾಗಿ ಹೋದಲ್ಲೆಲ್ಲ ಅದು ಕೊನೆಯ ಸ್ಕ್ರೂವನ್ನು ಕೊಂಚ ಸಡಿಲ ಬಿಟ್ಟು ಬರುತ್ತಿತ್ತು.

ಒಂದು ಭಾನುವಾರ ದಿವಾಕರನ ಅತ್ತೆ ವಾರಿಜಮ್ಮ ಕರೆಸಿದರು. ಕಂಪ್ಯೂಟರ್ ಬಿಚ್ಚಿ, ಫೋಟೋಗಳಿದ್ದ ಡಿಸ್ಕನ್ನು ಹೊರತೆಗೆದದ್ದಾಯಿತು. ಮತ್ತೆ ಮುಚ್ಚುವಾಗ ಸ್ಕ್ರೂಡ್ರೈವರ್ ಎಂದಿನಂತೆ ಕೊನೆಯ ಸ್ಕ್ರೂವನ್ನು ಅರ್ಧ ತಿರುವಿ ನಿಂತಿತು.

“ಇದೊಂದನ್ನು ಯಾವಾಗಲೂ ಸಡಿಲ ಬಿಡುತ್ತೀಯಲ್ಲ ಅಣ್ಣಾ, ಯಾಕೆ?” ಎಂದು ಕಂಪ್ಯೂಟರ್ ಕೇಳಿತು.

“ಬಿಗಿದರೆ ನನ್ನನ್ನು ಮತ್ತೆ ಯಾರು ಕರೆಯುತ್ತಾರೆ? ನೀನು ಗಡಗಡ ಸದ್ದು ಮಾಡಿದರೆ ತಾನೇ ಇವರಿಗೆ ನನ್ನ ನೆನಪು.”

“ನೀನು ಬಂದರೆ ನನಗೂ ಹಿತವಾಗುತ್ತಿತ್ತು. ಅದಕ್ಕೇ ಸುಮ್ಮನಿದ್ದೆ. ಆದರೆ ಆ ಸದ್ದು ಕೇಳಿ ಕೇಳಿ ವಾರಿಜಮ್ಮನಿಗೆ ಸಾಕಾಗಿಹೋಗಿದೆ. ನಾಳೆ ನನ್ನನ್ನು ಗುಜರಿಗೆ ಹಾಕುತ್ತಾರೆ. ಹೊಸದು ಆಗಲೇ ಹಜಾರದಲ್ಲಿದೆ, ನೋಡು.”

ಸ್ಕ್ರೂಡ್ರೈವರ್ ನೋಡಿತು. ಹೊಸದು ತೆಳ್ಳಗೆ, ನುಣ್ಣಗೆ ಇತ್ತು. “ಅದರ ಸ್ಕ್ರೂಗಳು ಯಾವ ಕಡೆಗಿವೆ?” ಎಂದು ಕೇಳಿತು.

“ಅದಕ್ಕೆ ಸ್ಕ್ರೂಗಳೇ ಇಲ್ಲ.”

ಒಳಗಿನಿಂದ ವಾರಿಜಮ್ಮ, “ಆಯ್ತೇನೋ ದಿವಾಕರ? ಮುಚ್ಚಳ ಹೇಗಿದ್ರೂ ಪರವಾಗಿಲ್ಲ ಬಿಡೋ, ಬಿಸಾಡೋದೇ ತಾನೆ” ಎಂದರು.

ಸ್ಕ್ರೂಡ್ರೈವರ್ ಆ ಕೊನೆಯ ಸ್ಕ್ರೂವನ್ನು ಮೊದಲ ಬಾರಿಗೆ ಪೂರ್ತಿ ಬಿಗಿಯಿತು.